ಕ್ಯಾಮೆರಾಕ್ಕೆಂದು ಎತ್ತಿದ ಚೀಟಿ

ಆಯುಧಪೂಜೆಯ ದಿನ ಬೇರೆಯವರ ಮನೆಯಲ್ಲಿ ಕುಡುಗೋಲು, ಮಚ್ಚು, ಸ್ಕೂಟರು ಪೂಜೆಗೆ ನಿಂತರೆ ನಮ್ಮಲ್ಲಿ ಕ್ಯಾಮೆರಾಗಳು ಕೂರುತ್ತವೆ. ಮುಳಬಾಗಿಲಿನ ನಮ್ಮ ಸ್ಟುಡಿಯೋದ ಉದ್ದನೆಯ ಮೇಜಿಗೆ ಬಿಳಿ ಪಂಚೆ ಹಾಸಿ, ಬೀರುವಿನಲ್ಲಿರುವುದನ್ನೆಲ್ಲ ತೆಗೆದು ಜೋಡಿಸುವುದು ನನ್ನ ಕೆಲಸ. ಅರಿಶಿನ ಕುಂಕುಮ ಇಡುವುದು ನನ್ನ ಹೆಂಡತಿ ಪದ್ಮಳ ಕೆಲಸ. ಪ್ರತಿ ವರ್ಷ ಅವಳು ಸರಸರನೆ ಇಟ್ಟುಕೊಂಡು ಹೋಗುತ್ತಿದ್ದಳು. ಒಂದು ವರ್ಷ ಮಾತ್ರ, ಯಾಕೋ ಗೊತ್ತಿಲ್ಲ, ಕುಂಕುಮದ ಬಟ್ಟಲು ಹಿಡಿದು ಒಂದೊಂದರ ಮುಂದೆಯೂ ನಿಂತಳು.

"ಇದೇನ್ರೀ?"

"ಸ್ಟಾರ್ ಫಿಲ್ಟರು."

"ಇದು ಯಾವತ್ತಾದ್ರೂ ದುಡಿದಿದ್ಯಾ?"

ದುಡಿದಿತ್ತು. ಲೆನ್ಸಿನ ಮುಂದೆ ಅದನ್ನು ಸಿಕ್ಕಿಸಿದರೆ ಹೊಳೆಯುವ ವಸ್ತುವಿನಿಂದೆಲ್ಲ ನಕ್ಷತ್ರದ ಹಾಗೆ ಕಿರಣ ಚಿಮ್ಮುತ್ತದೆ. ಕೋಲಾರದ ಒಂದು ಮದುವೆಯಲ್ಲಿ ಅದನ್ನು ಹಾಕಿಕೊಂಡು ಓಡಾಡಿದ್ದೆ. ಮದುಮಗಳ ಮೂಗುತಿಯಿಂದ ನಕ್ಷತ್ರ ಚಿಮ್ಮಿತ್ತು, ನಿಜ. ಆದರೆ ಅವಳ ಸೋದರಮಾವನ ಬೋಳು ತಲೆಯಿಂದ ಅದಕ್ಕಿಂತ ದೊಡ್ಡ ನಕ್ಷತ್ರ ಚಿಮ್ಮಿತ್ತು. ಆ ಮನುಷ್ಯ ಇವತ್ತಿಗೂ ಎದುರಿಗೆ ಸಿಕ್ಕರೆ ಮುಖ ತಿರುಗಿಸುತ್ತಾನೆ. ಇದನ್ನು ಹೆಂಡತಿಗೆ ಹೇಳುವುದು ಹೇಗೆ? ಅವಳು ಕುಂಕುಮ ಇಡದೆ ಮುಂದೆ ಹೋದಳು. ಕಬ್ಬಿಣದಷ್ಟು ಭಾರದ ಟ್ರೈಪಾಡಿನ ಮುಂದೆ ನಿಂತಳು. ಅದು ದುಡಿದದ್ದು ನಮ್ಮ ಮಹಡಿಯ ಮೇಲೆ, ಅವಳ ಸಂಡಿಗೆ ಒಣಗುವಾಗ ಕಾಗೆ ಬೆದರಿಸಲು ಕರಿ ಬಟ್ಟೆ ಹೊತ್ತುಕೊಂಡು. ಅದಕ್ಕೆ ಮಾತ್ರ ಸ್ವಲ್ಪ ಯೋಚಿಸಿ ಒಂದು ಬೊಟ್ಟು ಇಟ್ಟಳು.

ಪೂಜೆ ಮುಗಿದಾಗ ನೋಡಿದರೆ ಆ ಉದ್ದನೆಯ ಮೇಜಿನ ಮೇಲೆ ಕುಂಕುಮ ಕಂಡ ಸಾಮಾನುಗಳು ಬೆರಳೆಣಿಕೆಯಷ್ಟು. ಹಳೆಯ ಒಂದು ಕ್ಯಾಮೆರಾ, ಸವೆದ ಒಂದು ಲೆನ್ಸು, ಫ್ಲಾಶು, ಕಂಪ್ಯೂಟರು, ಸಂಡಿಗೆಯ ಟ್ರೈಪಾಡು. ಉಳಿದವೆಲ್ಲ ಮದುವೆ ಮನೆಯಲ್ಲಿ ಯಾರೂ ಮಾತಾಡಿಸದ ನೆಂಟರ ಹಾಗೆ ಸುಮ್ಮನೆ ಕೂತಿದ್ದವು.

ನಿಮಗೆ ಫೋಟೋದ ಹುಚ್ಚಿಲ್ಲದಿದ್ದರೆ ಇದು ಅರ್ಥವಾಗುವುದು ಕಷ್ಟ. ಈ ಹುಚ್ಚು ಹತ್ತಿದವನ ಫೋಟೋ ಚೆನ್ನಾಗಿ ಬರದಿದ್ದರೆ ಅದು ತನ್ನ ಕೈಯ ತಪ್ಪೆಂದು ಅವನಿಗೆ ಅನ್ನಿಸುವುದೇ ಇಲ್ಲ. ಲೆನ್ಸು ಸಾಲದು ಅನ್ನಿಸುತ್ತದೆ. ಲೆನ್ಸು ಬಂದ ಮೇಲೆ ಕ್ಯಾಮೆರಾ ಹಳತು ಅನ್ನಿಸುತ್ತದೆ. ಎರಡೂ ಬಂದ ಮೇಲೆ ಬೆಳಕಿನ ಮೇಲೆ ತಪ್ಪು ಹೊರಿಸಿ ಲೈಟು ತರುತ್ತಾನೆ. ಹೀಗೆ ಸಾಮಾನು ಬೆಳೆದು, ಅದನ್ನು ಹೊರಲು ಬ್ಯಾಗು ಬಂದು, ಬ್ಯಾಗು ಹೊತ್ತು ಬೆನ್ನು ನೋವು ಬಂದು, ಕಡೆಗೆ ಫೋಟೋ ತೆಗೆಯಲು ಬಗ್ಗುವುದಕ್ಕೂ ಆಗದೆ ಕೂರುತ್ತಾನೆ. ನಾನು ಬ್ಯಾಗಿನ ಹಂತದವರೆಗೆ ಬಂದಿದ್ದೆ.

ನಮ್ಮಪ್ಪನಿಗೆ ಈ ಕಾಯಿಲೆ ಇರಲಿಲ್ಲ. ಸ್ಟುಡಿಯೋ ಶುರು ಮಾಡಿದ್ದು ಅವರೇ. ಅವರ ಬಳಿ ಇದ್ದದ್ದು ಒಂದು ಕ್ಯಾಮೆರಾ, ಎರಡು ಲೈಟು, ಹಂಸಗಳು ತೇಲುವ ಕೊಳದ ಒಂದು ಪರದೆ, ಮತ್ತು ಒಂದು ಕರಿ ಕೋಟು. ಗೋಡೆಯ ಕನ್ನಡಿಗೆ ಬಾಚಣಿಗೆಯನ್ನು ದಾರದಿಂದ ಕಟ್ಟಿದ್ದರು. ಇಲ್ಲದಿದ್ದರೆ ಅದು ಯಾರದಾದರೂ ಜೇಬಿನಲ್ಲಿ ತಾಯಲೂರಿಗೆ ಹೋಗಿಬಿಡುತ್ತಿತ್ತು. ಪೌಡರು ಡಬ್ಬಿ ಮಾತ್ರ ಧಾರಾಳ. ಬಿಸಿಲಲ್ಲಿ ಬೆಂದು ಬಂದ ರೈತರು ಅದನ್ನು ಅಂಗೈಗೆ ಸುರಿದುಕೊಂಡು ಮುಖಕ್ಕೆ ಬಳಿದುಕೊಂಡರೆ ಫೋಟೋದಲ್ಲಿ ಕುತ್ತಿಗೆ ಒಬ್ಬರದು, ಮುಖ ಇನ್ನೊಬ್ಬರದು ಎನ್ನುವಂತೆ ಬರುತ್ತಿತ್ತು. ಆ ಕೋಟಿನದು ಬೇರೆಯೇ ಕಥೆ. ಅದರ ಬೆನ್ನು ಹಿಗ್ಗಿಸಿ ಕುಗ್ಗಿಸಿ ಪಿನ್ನು ಚುಚ್ಚಿ ಎಲ್ಲರಿಗೂ ಸರಿಮಾಡುತ್ತಿದ್ದರು. ಮಾಲೂರಿನ ಪದ್ಮಳ ಮನೆಗೆ ಹೆಣ್ಣು ನೋಡುವ ಮೊದಲು ಕಳಿಸಿದ ನನ್ನ ಫೋಟೋದಲ್ಲೂ ಅದೇ ಕೋಟು. "ಹುಡುಗ ಕೋಟು ಹಾಕೋ ಕೆಲಸದಲ್ಲಿದ್ದಾನೆ" ಎಂದು ಅವರ ಮನೆಯಲ್ಲಿ ಮಾತಾಗಿತ್ತಂತೆ. ಮದುವೆಯಾಗಿ ಬಂದು ಅಂಗಡಿಯ ಗಾಜಿನ ಕಪಾಟು ನೋಡಿದರೆ, ಮುಳಬಾಗಿಲಿನ ಅರ್ಧ ಗಂಡಸರು ಅದೇ ಕೋಟಿನಲ್ಲಿ ಅವಳನ್ನೇ ನೋಡುತ್ತಿದ್ದರು.

ಅಪ್ಪ ಫೋಟೋ ತೆಗೆಯುವಾಗ ಗಂಭೀರ. ನಗುತ್ತಿದ್ದದ್ದು ಫೋಟೋ ಕೊಡುವಾಗ. ಪುಟ್ಟ ಕವರಿನಲ್ಲಿ ಹಾಕಿ ಎರಡು ಕೈಯಲ್ಲಿ ಕೊಟ್ಟು, ತೆಗೆದುಕೊಂಡವರು ಕವರು ಬಿಚ್ಚುವವರೆಗೆ ಬೇರೆ ಗಿರಾಕಿಯ ಕಡೆ ತಿರುಗುತ್ತಿರಲಿಲ್ಲ. "ನೋಡ್ಲಾ, ಈಗ ನೋಡು ಅವರ ಮುಖಾನ" ಎಂದು ನನಗೆ ಕಣ್ಣಲ್ಲೇ ತೋರಿಸುತ್ತಿದ್ದರು. ನಾನು ಆಗಲೂ ಕ್ಯಾಮೆರಾ ನೋಡುತ್ತಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಆ ಹಬ್ಬ ಕಳೆದು ಸ್ವಲ್ಪ ದಿನಕ್ಕೆ ನಾವು ಹಾಕುತ್ತಿದ್ದ ಚೀಟಿ ಕೈಗೆ ಬಂತು. ಅದು ಕ್ಯಾಮೆರಾಕ್ಕೆಂದೇ ಹಾಕಿದ ಚೀಟಿ. ಎಷ್ಟೋ ದಿನದಿಂದ ಹೊಸ ಕ್ಯಾಮೆರಾ ಅಂದುಕೊಂಡು ಮಲಗಿ ಹೊಸ ಕ್ಯಾಮೆರಾ ಅಂದುಕೊಂಡು ಎದ್ದಿದ್ದೆ. ಆದರೆ ಸ್ಟುಡಿಯೋದ ಪರಿಸ್ಥಿತಿ ಅಷ್ಟು ಚೆನ್ನಾಗಿರಲಿಲ್ಲ. ಎಲ್ಲರ ಕೈಯಲ್ಲೂ ಫೋನು. ಪಾಸ್‌ಪೋರ್ಟ್ ಸೈಜಿನ ಫೋಟೋ ಬಿಟ್ಟರೆ ಬೇರೆ ಕೆಲಸಕ್ಕೆ ಒಳಗೆ ಬರುವವರು ಕಡಿಮೆಯಾಗಿದ್ದರು. ಮದುವೆ ಆರ್ಡರುಗಳು ಒಂದೊಂದಾಗಿ ಕೈತಪ್ಪುತ್ತಿದ್ದವು. ಅಂಗಡಿಯ ಮುಂಭಾಗವನ್ನು ಬಾಡಿಗೆಗೆ ಕೊಟ್ಟು ನಾವು ಹಿಂದಿನ ಕೋಣೆಗೆ ಸರಿದುಬಿಡೋಣವೇ ಎಂದು ನಾನೂ ಪದ್ಮಳೂ ಊಟದ ಹೊತ್ತಿಗೆ ಮಾತಾಡುವಷ್ಟಕ್ಕೆ ಬಂದಿತ್ತು. ಹಾಗಾಗಿ ಈ ಸಲ ತಂದದ್ದು ದುಡಿಯಲೇಬೇಕು. ಇನ್ನೊಂದು ಸ್ಟಾರ್ ಫಿಲ್ಟರು ತಂದರೆ ಅಪ್ಪನ ಅಂಗಡಿ ಉಳಿಯುವುದಿಲ್ಲ.

ಶ್ರೀನಿವಾಸಪುರದಲ್ಲಿ ನನ್ನ ಗೆಳೆಯ ಮುನಿರಾಜು ಇದ್ದಾನೆ. ಅವನದೂ ಸ್ಟುಡಿಯೋ. ನನಗಿಂತ ಚುರುಕು, ಹೊಸದೇನು ಬಂದರೂ ಮೊದಲು ತರುವವನು. ಸಲಹೆ ಕೇಳಲು ಅವನ ಹತ್ತಿರ ಹೋದೆ. ಅವನು ಮಾತಾಡುವ ಬದಲು ಡ್ರೋನು ಹಿಡಿದುಕೊಂಡು ನನ್ನನ್ನು ಊರಾಚೆಯ ಮಾವಿನ ತೋಪಿಗೆ ಕರೆದುಕೊಂಡು ಹೋದ. ಜೇನುಹುಳದ ಹಾಗೆ ಗುಂಯ್‌ಗುಡುತ್ತ ಅದು ಮೇಲಕ್ಕೇರಿತು. ಅವನ ಕೈಯಲ್ಲಿದ್ದ ಪುಟ್ಟ ಪರದೆಯಲ್ಲಿ ತೋಪೆಲ್ಲ ಹಸಿರು ಕಂಬಳಿಯಾಯಿತು, ಕಾಲುದಾರಿ ಎಳೆಯಾಯಿತು, ನಾವಿಬ್ಬರೂ ಎರಡು ಸಾಸಿವೆ ಕಾಳಾದೆವು. ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಲೇ ಗೋಪಾಲ, ಡ್ರೋನ್ ಇಲ್ದಿದ್ರೆ ಈಗ ಅದನ್ನ ಮದ್ವೆ ಅಂತಾನೇ ಒಪ್ಪಲ್ಲ ಕಣೋ ಜನ," ಎಂದ. "ನೀನೂ ಒಂದ್ ತಗೋ. ಇಲ್ಲಾಂದ್ರೆ ಒಳ್ಳೇ ಕ್ಯಾಮ್ರಾನಾದ್ರೂ ತಗೋ. ಇನ್ನೂ ಆ ಹಳೇದ್ರಲ್ಲೇ ಗೀಚ್ತಾ ಕೂತಿದ್ದೀಯ."

ಮನೆಗೆ ಬಂದು ಪದ್ಮಳಿಗೆ ಹಸಿರು ಕಂಬಳಿಯನ್ನು ವರ್ಣಿಸಿದೆ. ಅವಳು ಪಾಸ್‌ಪೋರ್ಟ್ ಫೋಟೋಗಳನ್ನು ಕತ್ತರಿಸುತ್ತಿದ್ದಳು. ಮುಗಿಯುವವರೆಗೆ ಕೇಳಿ, ಕತ್ತರಿ ಕೆಳಗಿಟ್ಟಳು.

"ಮೇಲಿಂದ ತೆಗೆದ್ರೆ ಯಾರು ಯಾರೂಂತ ಗೊತ್ತಾಗತ್ತಾ?"

"ಗೊತ್ತಾಗಲ್ಲ. ಆದ್ರೆ ಗ್ರ್ಯಾಂಡಾಗಿರತ್ತೆ ಕಣೇ."

"ನಾನ್ ದಿನಾ ಕೌಂಟರಲ್ಲಿ ಕೂತಿರ್ತೀನಿ. ಯಾರೂ ಬಂದು ನಮ್ಮೂರ್ನ ಮೇಲಿಂದ ತೋರ್ಸಿ ಅಂತ ಕೇಳಿಲ್ಲ. ಬರೋರೆಲ್ಲ ಫೋನ್ ಚಾಚಿ, ಇದರಲ್ಲಿರೋದನ್ನ ತೆಗೆದುಕೊಡ್ತೀರಾ ಅಂತಾರೆ. ಮೊನ್ನೆ ದೇವರಾಯಸಮುದ್ರದಿಂದ ಒಬ್ಳು ಬಂದಿದ್ಲು. ಫೋನು ಹಸು ನೀರು ಕುಡಿಯೋ ತೊಟ್ಟಿಗೆ ಬಿದ್ದು ಸತ್ತೋಗಿದೆ. ಮಗೂದು ಹುಟ್ಟಿದಾಗಿಂದ ತೆಗೆದ ಫೋಟೋ ಎಲ್ಲ ಅದರಲ್ಲೇ. ಆ ಫೋನ್ನ ಅಕ್ಕಿ ಡಬ್ಬೀಲಿ ಹೂತಿಟ್ಟು, ತಂದು ನನ್ನ ಮುಂದೆ ಇಟ್ಟು ಅಳ್ತಾಳೆ ರೀ. ನಾನೇನು ಮಾಡ್ಲಿ?"

"ಅದಕ್ಕೆ?"

"ಅದಕ್ಕೆ ಪ್ರಿಂಟರ್ ತನ್ನಿ. ಎತ್ಕೊಂಡು ಹೋಗೋ ಅಂಥದ್ದು. ಮದ್ವೆ ಮನೇಲೇ ತೆಗೆದು ಅಲ್ಲೇ ಕೈಗೆ ಕೊಡೋಣ."

ನನಗೆ ನಗು ಬಂತು, ಆಮೇಲೆ ಕೋಪ ಬಂತು. ಹೊಸ ಕ್ಯಾಮೆರಾ ಕೇಳಿದವನಿಗೆ ಪ್ರಿಂಟರ್ ತಾ ಅನ್ನುವುದು, ಕುದುರೆ ಬೇಕೆಂದವನಿಗೆ ಹುಲ್ಲಿನ ಹೊರೆ ಕೊಟ್ಟ ಹಾಗೆ. ಲೋಕವೆಲ್ಲ ಪ್ರಿಂಟು ಬಿಟ್ಟು ಫೋನಿಗೆ ಹೋಗಿರುವಾಗ ನಾವು ಹಿಂದಕ್ಕೆ ನಡೆಯಬೇಕೇ? ಎರಡು ದಿನ ಮನೆಯಲ್ಲಿ ಉಪ್ಪು ಹುಳಿಯ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ಮೂರನೆಯ ದಿನ ಹಟ ಮಾಡಿ, ಮುಂಗಡದ ಹಣ ಜೇಬಿಗಿಟ್ಟುಕೊಂಡು ಹೊರಟೆ. ಶ್ರೀನಿವಾಸಪುರಕ್ಕೆ ಹೋಗಿ ಮುನಿರಾಜುವಿನಿಂದ ಕ್ಯಾಮೆರಾದ ಮಾಡೆಲ್ ಯಾವುದೆಂದು ಖಚಿತ ಮಾಡಿಕೊಂಡು, ಅಲ್ಲಿಂದ ಕೋಲಾರದ ಬಸ್ಸು ಹತ್ತಿದೆ. ಕ್ಯಾಮೆರಾ ಅಂಗಡಿ ಇದ್ದದ್ದು ಕೋಲಾರದಲ್ಲಿ.

ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹಿರಿಯರೊಬ್ಬರು ನನ್ನ ಹೆಗಲ ಬ್ಯಾಗು ನೋಡಿ ಮಾತಿಗೆ ಎಳೆದರು.

"ಕ್ಯಾಮ್ರಾದೋರಾ ಸ್ವಾಮಿ? ಹಂಗಾರೆ ಒಂದು ತೋರ್ಸ್ತೀನಿ ಇರಿ. ನನ್ ಮೊಮ್ಮಗಳು ಸ್ಕೂಲಲ್ಲಿ ಕೃಷ್ಣನ ವೇಷ ಹಾಕಿದ್ಲು. ನೋಡ್ಬೇಕು ನೀವು ಅದನ್ನ."

ಫೋನು ತೆಗೆದು ಬೆರಳಿನಿಂದ ತಳ್ಳತೊಡಗಿದರು. ಗುಲಾಬಿ ಹೂವಿನ ಶುಭೋದಯಗಳು ಬಂದವು. ಟೊಮ್ಯಾಟೊ ಕ್ರೇಟುಗಳು ಬಂದವು. ಸುಟ್ಟುಹೋದ ಬೋರ್‌ವೆಲ್ ಮೋಟಾರು ಬಂತು, ಅದರ ಬಿಲ್ಲು ಬಂತು. ಒಂದು ಸೀಮೆಹಸು ನಾನಾ ಕೋನಗಳಲ್ಲಿ ಬಂತು. ರೇಷ್ಮೆಹುಳದ ತಟ್ಟೆ ಬಂತು. ಮತ್ತೆ ಗುಲಾಬಿ. ಕೃಷ್ಣ ಮಾತ್ರ ಬರಲಿಲ್ಲ. ಅವರು ಮೊದಲಿಗೆ ನಗುತ್ತ, ಆಮೇಲೆ ಅವಸರದಿಂದ, ಆಮೇಲೆ ನನ್ನನ್ನು ಮರೆತೇ ಹುಡುಕಿದರು. ಕಂಡಕ್ಟರು "ಸುಗಟೂರು, ಸುಗಟೂರು" ಎಂದು ಕೂಗಿದ. ಅವರು ಏಳಲಾರದೆ ಎದ್ದರು.

"ಇತ್ತು ಸ್ವಾಮಿ," ಎಂದರು, ಸುಳ್ಳು ಹೇಳಿ ಸಿಕ್ಕಿಬಿದ್ದವರ ಹಾಗೆ. "ಇದರೊಳಗೇ ಇತ್ತು."

ಬಸ್ಸು ಹೊರಟ ಮೇಲೆ ಕಿಟಕಿಯಿಂದ ನೋಡಿದೆ. ರಸ್ತೆ ಪಕ್ಕದಲ್ಲಿ, ಬಿಸಿಲಲ್ಲಿ, ಫೋನಿಗೆ ಕೈ ಮರೆಮಾಡಿಕೊಂಡು ಇನ್ನೂ ಹುಡುಕುತ್ತಿದ್ದರು.

ಕೋಲಾರದ ಅಂಗಡಿಯವನು ನಾನು ಕೇಳಿದ ಕ್ಯಾಮೆರಾವನ್ನು ಪೆಟ್ಟಿಗೆಯಿಂದ ತೆಗೆದು ಕೈಗೆ ಕೊಟ್ಟ. ಹಿಡಿದುಕೊಂಡೆ. ಬೆರಳು ಎಲ್ಲಿರಬೇಕೋ ಅಲ್ಲಿ ತಾನಾಗಿ ಹೋಗಿ ಕೂತಿತು. ಒತ್ತಿದರೆ ಎಷ್ಟು ಮೆತ್ತಗಿನ ಸದ್ದು! ಅದನ್ನು ಕಣ್ಣಿಗಿಟ್ಟು ಅಂಗಡಿಯಾಚೆಯ ರಸ್ತೆ ನೋಡಿದೆ. ಕಡ್ಲೆಕಾಯಿ ಗಾಡಿಯ ಹೊಗೆಯ ಎಳೆ ಎಳೆಯೂ ಕಂಡಿತು. ಆದರೆ ನನ್ನ ಕಣ್ಣಮುಂದೆ ಇದ್ದದ್ದು ಸುಗಟೂರಿನ ಆ ಮನುಷ್ಯ. ಅವರ ಫೋನಿನಲ್ಲಿ ಇನ್ನೂ ಒಂದು ಸಾವಿರ ಫೋಟೋ, ಇದಕ್ಕಿಂತ ಸ್ಪಷ್ಟವಾಗಿ ತೆಗೆದು ತುಂಬಿಸಿದರೆ ಅವರಿಗೆ ಕೃಷ್ಣ ಸಿಗುತ್ತಾನೆಯೇ? ಅಪ್ಪ ಇದ್ದಿದ್ದರೆ ಆ ಮಗುವಿನ ಫೋಟೋ ಈ ಹೊತ್ತಿಗೆ ಅವರ ಅಂಗಿಯ ಜೇಬಿನಲ್ಲಿರುತ್ತಿತ್ತು.

ಮನಸ್ಸು ಒಪ್ಪುವ ಮೊದಲೇ ಬಾಯಿ ಕೇಳಿಬಿಟ್ಟಿತು. "ಎತ್ಕೊಂಡು ಹೋಗೋ ಫೋಟೋ ಪ್ರಿಂಟರ್ ಇದ್ಯಾ?"

"ಪ್ರಿಂಟರಾ ಸಾರ್?" ಅಂಗಡಿಯವನು ನನ್ನ ಕೈಯಲ್ಲಿದ್ದ ಕ್ಯಾಮೆರಾವನ್ನೂ ನನ್ನನ್ನೂ ನೋಡಿದ. "ಈಗ್ಯಾರು ಸಾರ್ ಪ್ರಿಂಟ್ ಹಾಕಿಸ್ತಾರೆ?"

ಸಾಮಾನು ತರಿಸಲು ಅವನಿಗೆ ವಾರ ಹಿಡಿಯಿತು. ಅಂಗಡಿಯಲ್ಲಿ ಸಿಗುವ ಒಳ್ಳೆಯದನ್ನೇ ಕೇಳಿದ್ದೆ. ಜೊತೆಗೆ ಕಾಗದ, ಬಣ್ಣದ ರಿಬ್ಬನ್ನು ಸಾಕಷ್ಟು. ಇನ್ನೂ ಸ್ವಲ್ಪ ಹಣ ಉಳಿಯಿತು. "ಕರೆಂಟ್ ಹೋದ್ರೆ ಅಂತ ಒಂದು ಯುಪಿಎಸ್ ತಗೊಳ್ಳಿ ಸಾರ್" ಎಂದು ಅಂಗಡಿಯವನು ಬುದ್ಧಿ ಹೇಳಿದ. ಸಾಮಾನು ತರಲು ಮತ್ತೆ ಕೋಲಾರಕ್ಕೆ ಹೊರಟಾಗ ಪದ್ಮಳೂ ಅದನ್ನೇ ಹೇಳಿದ್ದಳು. ಆದರೆ ನನ್ನದೊಂದು ಆಸೆಯಾದರೂ ಈಡೇರಲಿ ಎಂದು ಚರ್ಮದ ಅಂಚಿನ ಒಂದು ಕ್ಯಾಮೆರಾ ಬ್ಯಾಗು ಕೊಂಡೆ. ಮನೆಗೆ ತಂದಾಗ ಪದ್ಮ ಪ್ರಿಂಟರಿಗೆ ನಿಂಬೆಹಣ್ಣು ನಿವಾಳಿಸಿ ಒಳಗೆ ಕರೆದುಕೊಂಡಳು. ಬ್ಯಾಗನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇದ್ರೊಳಗೇನ್ ಇಡ್ತೀರಾ? ಕ್ಯಾಮ್ರಾ ತಗೊಂಡಿಲ್ವಲ್ಲಾ."

ಅದರಲ್ಲಿ ಈಗ ಅವಳು ರಿಬ್ಬನ್ನಿನ ಪ್ಯಾಕೆಟ್ಟು ಇಡುತ್ತಾಳೆ.

ಆ ಪ್ರಿಂಟರಿನ ಬಗ್ಗೆ ನಿಮಗೆ ಹೇಳಲೇಬೇಕು. ಬ್ರೆಡ್ಡಿನ ಡಬ್ಬಕ್ಕಿಂತ ಸ್ವಲ್ಪ ದೊಡ್ಡದು. ಅದು ಬಣ್ಣಗಳನ್ನೆಲ್ಲ ಒಟ್ಟಿಗೆ ಹಾಕುವುದಿಲ್ಲ. ಕಾಗದವನ್ನು ಒಳಗೆಳೆದುಕೊಂಡು ಮೊದಲು ಹಳದಿ ಹಚ್ಚಿ ಹೊರಗೆ ಚಾಚುತ್ತದೆ: ಅರಿಶಿನ ನೀರಿನಲ್ಲಿ ಮುಳುಗಿದಂಥ ಒಂದು ಮುಖ. ಮತ್ತೆ ಒಳಗೆಳೆದು ಕೆಂಪು ಹಚ್ಚುತ್ತದೆ, ಮುಖಕ್ಕೆ ರಕ್ತ ಬರುತ್ತದೆ. ಮತ್ತೆ ಒಳಗೆಳೆದು ನೀಲಿ ಹಚ್ಚುತ್ತದೆ. ಆಗ ಕೂದಲು ಕಪ್ಪಾಗಿ, ಸೀರೆ ಹಸಿರಾಗಿ, ಕಣ್ಣು ತೆರೆದುಕೊಂಡು ಮನುಷ್ಯ ಎದ್ದು ಕೂರುತ್ತಾನೆ. ಕೊನೆಗೊಮ್ಮೆ ಮೇಲೆ ಹೊಳಪು ಬಳಿದು ಬೆಚ್ಚಗಿನ ಫೋಟೋವನ್ನು ಕೈಗೆ ಕೊಡುತ್ತದೆ. ಮೊದಲ ಸಲ ನೋಡಿದಾಗ ನಾನೂ ಪದ್ಮಳೂ ಒಬ್ಬರದೊಬ್ಬರು ಫೋಟೋ ತೆಗೆದು ತೆಗೆದು, ಕೊನೆಗೆ ಕಾಗದ ದಂಡ ಮಾಡಿದೆವೆಂದು ಒಬ್ಬರನ್ನೊಬ್ಬರು ಬೈದುಕೊಂಡೆವು.

ಅದಕ್ಕೆ ಮೊದಲ ಪರೀಕ್ಷೆ ಬಂದದ್ದು ಶ್ರೀನಿವಾಸಪುರದ ಒಂದು ಛತ್ರದಲ್ಲಿ. ಮಾವಿನ ತೋಪುಗಳ ಯಜಮಾನರಾದ ವೆಂಕಟೇಶಪ್ಪನವರ ಮಗಳ ಮದುವೆ. ಆರ್ಡರು ಮುನಿರಾಜುವಿನದು, ನಾನು ಎರಡನೇ ಕ್ಯಾಮೆರಾ. ಪದ್ಮ ಪ್ರಿಂಟರನ್ನು ಮಡಿಲಲ್ಲಿಟ್ಟುಕೊಂಡೇ ಬಂದಿದ್ದಳು. ಮುನಿರಾಜು ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕಾ, ಚೀಟಿ ದುಡ್ಡಲ್ಲಿ ಇದನ್ನ ತಂದ್ರಾ? ಇವನಿಗೇನಾಗಿತ್ತು?" ವೆಂಕಟೇಶಪ್ಪನವರು ನಗಲಿಲ್ಲ, ಅವರು ನಗುವ ಜಾತಿಯವರೇ ಅಲ್ಲ.

"ಏನಿದು, ಜೆರಾಕ್ಸ್ ಮಿಷಿನ್ನಾ?"

ಪದ್ಮ ವಿವರಿಸಿದಳು. ಊಟ ಮುಗಿಸಿ ಹೊರಡುವ ನೆಂಟರಿಗೆ ತಾಂಬೂಲದ ಜೊತೆ ಅವರದೇ ಒಂದು ಫೋಟೋ. ವೆಂಕಟೇಶಪ್ಪನವರು ಮೀಸೆ ಸವರಿಕೊಂಡು ಯೋಚಿಸಿದರು. "ನೆಂಟರ ಹತ್ರ ದುಡ್ಡು ಗಿಡ್ಡು ಕೇಳಂಗಿಲ್ಲ. ಜನಕ್ಕೆ ಇಷ್ಟ ಆದ್ರೆ ನಾನ್ ಕೊಡ್ತೀನಿ. ಆಗಲಿಲ್ವಾ, ಸುಮ್ನೆ ಎತ್ಕೊಂಡು ಹೋಗ್ಬೇಕು. ಆಯ್ತಾ?"

"ಆಯ್ತಣ್ಣಾ," ಎಂದಳು ಪದ್ಮ, ನನ್ನನ್ನು ಕೇಳದೆ.

ಬಾಗಿಲ ಬಳಿ, ತೆಂಗಿನಕಾಯಿ ಚೀಲಗಳನ್ನು ಜೋಡಿಸಿಟ್ಟ ಮೇಜಿನ ಪಕ್ಕ ಜಾಗ ಸಿಕ್ಕಿತು. ಮುಹೂರ್ತ ಮುಗಿಯಿತು, ಊಟದ ಮೊದಲ ಪಂಕ್ತಿ ಎದ್ದಿತು. ಜನ ಬಂದರು, ಚೀಲ ತೆಗೆದುಕೊಂಡರು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಒಬ್ಬರೂ ನಿಲ್ಲಲಿಲ್ಲ. "ಒಂದು ಫೋಟೋ ಅಣ್ಣಾ" ಎಂದರೆ "ಆಗ್ಲೇ ತೆಗೆಸ್ಕೊಂಡ್ವಮ್ಮ" ಎಂದು ವೇದಿಕೆ ತೋರಿಸಿ ನಡೆದರು. ಕ್ಯಾಮೆರಾ ಹಿಡಿದು ನಿಂತ ನನಗೆ ಬೆವರು ಹರಿಯಿತು. ಪ್ರಿಂಟರು ಕರಿ ಕಲ್ಲಿನ ಹಾಗೆ ಕೂತಿತ್ತು. ಕೋಲಾರದ ಅಂಗಡಿಯಲ್ಲಿ ಬಿಟ್ಟುಬಂದ ಆ ಕ್ಯಾಮೆರಾದ ಮೆತ್ತಗಿನ ಸದ್ದು ಕಿವಿಯಲ್ಲಿ ಕೇಳಿಸುತ್ತಿತ್ತು.

ಅಲ್ಲೇ ಕುರ್ಚಿಯಲ್ಲಿ ವೆಂಕಟೇಶಪ್ಪನವರ ತಾಯಿ ಮುನಿವೆಂಕಟಮ್ಮ ಕೂತಿದ್ದರು. ಮಂಡಿನೋವಿನಿಂದ ಅಲ್ಲಾಡದೆ, ಹೋಗಿಬರುವವರ ಯೋಗಕ್ಷೇಮ ವಿಚಾರಿಸುವುದು ಅವರ ಪಾಲಿನ ಕೆಲಸ. ಕನ್ನಡ, ತೆಲುಗು ಎರಡನ್ನೂ ಒಂದೇ ಎಲೆಯಲ್ಲಿ ಕಲಸಿ ಮಾತಾಡುವವರು. ಪದ್ಮಳನ್ನು ಬಹಳ ಹೊತ್ತು ನೋಡಿ, "ಏಮಮ್ಮಾ, ನಿನ್ ಅಂಗಡಿಗೆ ಯಾರೂ ಬರ್ತಿಲ್ವಲ್ಲಾ, ನಂದೇ ಒಂದು ತೆಗಿ" ಎಂದರು. ನಾನು ತೆಗೆದೆ. ಪದ್ಮ ಪ್ರಿಂಟರಿನ ಗುಂಡಿ ಒತ್ತಿದಳು. ಕಾಗದ ಒಳಗೆ ಹೋಗಿ, ಹಳದಿಯಾಗಿ ಹೊರಗೆ ಬಂದು, ಅಜ್ಜಿ ಕತ್ತು ಚಾಚಿ ನೋಡುವಷ್ಟರಲ್ಲಿ ಕರೆಂಟು ಹೋಯಿತು.

ಛತ್ರದ ಜನರೇಟರು ವೇದಿಕೆಗೂ ಊಟದ ಮನೆಗೂ ಮಾತ್ರ. ನಮ್ಮ ಮೂಲೆಗೆ ಇಲ್ಲ. ಅಜ್ಜಿ ಹಳದಿ ಮುಖವನ್ನೇ ದಿಟ್ಟಿಸಿದರು.

"ಏಮಪ್ಪಾ, ನಂಗೇನು ಕಾಮಾಲೆನಾ?"

ತಾಂಬೂಲ ಕೊಡುತ್ತಿದ್ದವರೆಲ್ಲ ನಕ್ಕರು. ಪದ್ಮ ನಗಲಿಲ್ಲ. ನನ್ನ ಕಡೆ ತಿರುಗಿ, ಹೆಗಲ ಮೇಲಿದ್ದ ಚರ್ಮದ ಅಂಚಿನ ಬ್ಯಾಗನ್ನು ಒಮ್ಮೆ ನೋಡಿದಳು, ಅಷ್ಟೇ. ಆ ನೋಟದ ಬೆಲೆ ಯುಪಿಎಸ್ಸಿನ ಹತ್ತರಷ್ಟಾದರೂ ಇತ್ತು.

ನಾನು ಓಡಿದೆ. ಮುನಿರಾಜು ವೇದಿಕೆಯ ಬಳಿ ಇದ್ದ. ಅವನ ಡ್ರೋನು ಬೆಳಿಗ್ಗೆ ಗಂಡಿನ ಕಡೆಯವರು ಬರುವಾಗ ಹಾರಿ, ಈಗ ಪೆಟ್ಟಿಗೆ ಸೇರಿತ್ತು. ಅದರ ಬ್ಯಾಟರಿಗಳನ್ನು ಚಾರ್ಜು ಮಾಡಲು ಅವನು ಕಾರಿನಲ್ಲಿ ಒಂದು ದೊಡ್ಡ ಪವರ್ ಬಾಕ್ಸು ಇಟ್ಟುಕೊಂಡಿರುತ್ತಾನೆ.

"ಅದನ್ನ ಕೊಡೋ."

"ಲೇ, ಹೆಣ್ಣು ಕಳಿಸಿಕೊಡೋವಾಗ ಮೇಲಿಂದ ಒಂದು ಶಾಟ್ ಬಾಕಿ ಐತೆ ಕಣೋ. ಚಾರ್ಜ್ ಆಗ್ತಾ ಐತೆ. ಅದು ಕೊಟ್ರೆ ನನ್ ಡ್ರೋನ್ ಏಳಲ್ಲ."

"ಮುನಿರಾಜು, ಅಲ್ಲಿ ಅಜ್ಜಿ ಹಳದಿಯಾಗಿ ನಿಂತಿದ್ದಾರೆ."

ಅವನಿಗೆ ಏನರ್ಥವಾಯಿತೋ, ಗಾಬರಿಯಾಗಿ ನನ್ನ ಜೊತೆ ಓಡಿಬಂದ. ಬಂದು, ಆ ಹಳದಿ ಕಾಗದ ನೋಡಿದ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ, "ಬೆಳಿಗ್ಗೆ ಗುಂಯ್ ಅನ್ನಿಸ್ದೋನು ನೀನೇನಾ? ಅದ್ರಲ್ಲಿ ನಾನ್ ಕಾಣ್ತೀನಾ?" ಎಂದು ಕೇಳಿದರು. ಅವನು ತಲೆ ಕೆರೆದುಕೊಂಡ. ಆಮೇಲೆ ಕಾರಿಗೆ ಹೋಗಿ, ಆ ಪವರ್ ಬಾಕ್ಸನ್ನು ಮಗು ಎತ್ತಿಕೊಂಡು ಬರುವಂತೆ ಎತ್ತಿಕೊಂಡು ಬಂದ. ಅವನ ಡ್ರೋನು ಅವತ್ತು ಮತ್ತೆ ಏಳಲಿಲ್ಲ. ಅದರ ಊಟವನ್ನು ನಮ್ಮ ಪ್ರಿಂಟರು ಉಂಡಿತು.

ಅರ್ಧ ಕಾಗದವನ್ನು ಉಗಿದು, ಪ್ರಿಂಟರು ಹೊಸದಾಗಿ ಶುರುಮಾಡಿತು. ಹಳದಿ ಬಂತು. ಅಜ್ಜಿ ಮೂಗು ಮುರಿದರು. ಕೆಂಪು ಬಂತು. ಅಜ್ಜಿ ಕುರ್ಚಿಯ ಅಂಚಿಗೆ ಸರಿದರು. ನೀಲಿ ಬಂತು. ಮಂಡಿನೋವಿನ ಮುನಿವೆಂಕಟಮ್ಮ ಎದ್ದು ನಿಂತರು.

ಪದ್ಮ ಫೋಟೋವನ್ನು ಎರಡು ಕೈಯಲ್ಲಿ ಕೊಟ್ಟಳು. ಅಜ್ಜಿ ತೆಗೆದುಕೊಂಡು ಹತ್ತಿರ ಹಿಡಿದು, ದೂರ ಹಿಡಿದು, ಸೆರಗಿನಿಂದ ಕಣ್ಣು ಒರೆಸಿಕೊಂಡು ನೋಡಿದರು.

"ಇದಿ ನೇನೇನಾ?" ಎಂದರು ಮೆಲ್ಲಗೆ. ಇದು ನಾನೇನಾ? ಆಮೇಲೆ ಊಟದ ಮನೆಯವರೆಗೆ ಕೇಳುವಂತೆ, "ರಾಂಡಿ, ರಾಂಡಿ! ಎಲ್ರೂ ಬನ್ನಿ! ನನ್ನ ನೋಡ್ಬನ್ನಿ!"

ಆ ಕರೆಗೆ ಬಂದವರನ್ನು ನಾನು ಇವತ್ತಿಗೂ ಮರೆತಿಲ್ಲ. ಮೊದಲು ಅವರ ಸೊಸೆಯಂದಿರು, ಅವರ ಹಿಂದೆ ಬೀಗರು, ಅವರ ಹಿಂದೆ ಬಸ್ಸಿಗೆ ಹೊರಟಿದ್ದವರು ವಾಪಸ್ಸು. ಕಾಗದ ಹಳದಿಯಾಗಿ ಹೊರಬಂದಾಗಲೆಲ್ಲ "ಅರಿಶಿನ ಬಂತು" ಎಂದು ಗುಂಪು ಕೂಗುತ್ತಿತ್ತು, ಕೆಂಪಿಗೆ "ಕುಂಕುಮ ಬಂತು", ನೀಲಿಗೆ "ಆಳೇ ಬಂದ" ಎಂದು ಚಪ್ಪಾಳೆ. ತಾಯಲೂರಿನ ಕಡೆಯ ದಂಪತಿಗಳು, ಇಬ್ಬರಿಗೂ ಹಲ್ಲು ಹೋಗಿದೆ, ಮದುವೆಯಾದಾಗಿನಿಂದ ಒಟ್ಟಿಗೆ ಒಂದು ಫೋಟೋ ಇಲ್ಲವಂತೆ. ಹತ್ತಿರ ನಿಲ್ಲಿ ಎಂದರೆ ಆಕೆಗೆ ನಾಚಿಕೆ. ಮುನಿರಾಜು ಹೋಗಿ ಆಕೆಯ ಕೈಯನ್ನು ಆತನ ತೋಳಿಗೆ ಸಿಕ್ಕಿಸಿ ಬಂದ. ಅವನು ಆಗಲೇ ನಮ್ಮವನಾಗಿಬಿಟ್ಟಿದ್ದ. ಸಾಲು ನಿಲ್ಲಿಸುವುದು, "ಅಂಚು ಹಿಡೀರಿ, ಮುಖದ ಮೇಲೆ ಬೆರಳಿಡ್ಬೇಡಿ" ಎಂದು ಹೇಳುವುದು ಎಲ್ಲ ಅವನದೇ. ಕೊನೆಗೆ ಮದುಮಕ್ಕಳೇ ವೇದಿಕೆ ಇಳಿದು ಸಾಲಿಗೆ ಬಂದು ನಿಂತರು. ಊಟದ ಸಾಲಿಗಿಂತ ನಮ್ಮ ಸಾಲು ಉದ್ದವಾಯಿತು. ಬಡಿಸುವವರು ಹೋಳಿಗೆಯ ತಟ್ಟೆ ಹಿಡಿದು ನಮ್ಮಲ್ಲಿಗೇ ಬಂದರು.

ವೆಂಕಟೇಶಪ್ಪನವರು ದೂರದಲ್ಲಿ ನಿಂತು ನೋಡುತ್ತಿದ್ದರು. ತಮ್ಮ ತಾಯಿ ಸಿಕ್ಕಸಿಕ್ಕವರಿಗೆಲ್ಲ ಫೋಟೋ ತೋರಿಸುವುದನ್ನು ನೋಡಿ ಪದ್ಮಳ ಹತ್ತಿರ ಬಂದರು. "ಏನಮ್ಮಾ ತಾಯಿ," ಎಂದರು, "ಚಿಕ್ಕ ಮಗಳ ಮದ್ವೆಗೆ ಎರಡು ಮಿಷಿನ್ ತಂದುಬಿಡು." ಆ ಮನುಷ್ಯ ಆಗ ನಕ್ಕದ್ದನ್ನು ನಾನು ಕ್ಯಾಮೆರಾದಲ್ಲಿ ಹಿಡಿದೆ. ಅದನ್ನು ಪ್ರಿಂಟು ಹಾಕಿ ಕೊಟ್ಟಾಗ ಅವರ ಮನೆಯವರೇ ನಂಬಲಿಲ್ಲ.

ಈಗ ಮಾಲೂರಿನಿಂದ ತಾಯಲೂರಿನವರೆಗೆ ನಮಗೆ ಕರೆ ಬರುತ್ತದೆ. ಅಂಗಡಿಯ ಮುಂಭಾಗ ಮುಂಭಾಗವಾಗಿಯೇ ಉಳಿದಿದೆ. ಮದುವೆಯ ಆರ್ಡರಿಗೆ ಮುನಿರಾಜು ಮೇಲಿನಿಂದ, ನಾವು ಕೆಳಗಿನಿಂದ. ಹೊಸದಾಗಿ ಫೋಟೋ ಕಲಿಯುವವರು ಮೊದಲು ಯಾವುದಕ್ಕೆ ದುಡ್ಡು ಹಾಕಲಿ ಎಂದು ನನ್ನನ್ನು ಕೇಳುತ್ತಾರೆ, ನಾನೂ ದೊಡ್ಡ ಮನುಷ್ಯನ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತೇನೆ. ಆಗ ಪದ್ಮ ಕೌಂಟರಿನಿಂದಲೇ "ಯುಪಿಎಸ್‌ಗೆ ಅಂತ ಹೇಳ್ರೀ" ಎನ್ನುತ್ತಾಳೆ.

ಆದರೆ ಆ ದಿನವನ್ನು ನೆನೆದಾಗಲೆಲ್ಲ ನನ್ನ ಮನಸ್ಸಿಗೆ ಬರುವುದು ಅದರ ಕೊನೆಯ ಸ್ವಲ್ಪ ಹೊತ್ತು. ನೆಂಟರ ಸಾಲು ಕರಗಿತ್ತು. ಕಾಗದ ಇನ್ನೇನು ಮುಗಿಯುವುದರಲ್ಲಿತ್ತು. ವಾಲಗದವರು ಊಟ ಮುಗಿಸಿ, ನಾದಸ್ವರವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತಿದ್ದವರು ನಮ್ಮ ಮೇಜಿನ ಪಕ್ಕದಲ್ಲಿ ಹಿಂದು ಮುಂದು ನೋಡುತ್ತ ನಿಂತರು.

"ಸಾರ್, ನಮ್ದೊಂದು ತೆಗೀತೀರಾ?" ಎಂದರು ಮೇಳದ ಹಿರಿಯರು. "ಎಷ್ಟೋ ಮದ್ವೆಗೆ ಊದಿದ್ದೀವಿ. ಯಾವ ಆಲ್ಬಮ್ ನೋಡಿದ್ರೂ ನಮ್ದು ಅರ್ಧ ಡೋಲು, ಒಂದ್ ಮೊಣಕೈ. ಅಷ್ಟೇ ಬರೋದು."

ಮುನಿರಾಜುವೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಮೊಣಕೈಗಳನ್ನು ಕತ್ತರಿಸಿದವರು ನಾವೇ ತಾನೇ.

"ನಿಂತ್ಕೊಳ್ಳಿ, ಊದೋ ಥರ ಹಿಡ್ಕೊಳ್ಳಿ," ಎಂದೆ.

"ಊದೋ ಥರ ಹಿಡಿದ್ರೆ ಕೆನ್ನೆ ಬರಲ್ಲ ಸಾರ್," ಎಂದು ಅವರು ನಾದಸ್ವರದ ತುದಿಯ ಸೀವಾಳಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡರು. "ಊದೇ ಬಿಡ್ತೀವಿ."

ಊದಿದರು. ಅದೂ ಸುಮ್ಮನೆ ಊದಲಿಲ್ಲ, ತಾಳಿ ಕಟ್ಟುವಾಗ ಬಾರಿಸುವ ಗಟ್ಟಿಮೇಳವನ್ನೇ ಹಿಡಿದರು. ಡೋಲಿನವನು ಮೈಮರೆತು ಬಡಿದ. ಛತ್ರವೆಲ್ಲ ಅದುರಿತು. ಊಟದ ಮನೆಯಿಂದ ಜನ ಕೈ ತೊಳೆಯದೆ ಓಡಿಬಂದರು, ಇದ್ಯಾರ ಮುಹೂರ್ತ ಎಂದು. ಪುರೋಹಿತರು ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ಹಾಗೇ ನಿಂತರು. ನಾನು ಫೋಟೋ ತೆಗೆದೆ. ಮೇಳದವರು ನಿಲ್ಲಿಸಲು ಹೋದರೆ ಮುನಿವೆಂಕಟಮ್ಮ ಕೈಯೆತ್ತಿ, "ಫೋಟೋ ಈಚೆಗೆ ಬರೋವರ್ಗೂ ನಿಲ್ಲಿಸ್ಬಾರ್ದು!" ಎಂದು ಅಪ್ಪಣೆ ಮಾಡಿದರು. ಗಟ್ಟಿಮೇಳ ಮುಂದುವರಿಯಿತು. ಹಳದಿ ಬಂತು. ಕೆಂಪು ಬಂತು. ಅಜ್ಜಿ ತಟ್ಟೆಯಲ್ಲಿ ಉಳಿದಿದ್ದ ಅಕ್ಷತೆಯನ್ನು ಹಿಡಿಯ ತುಂಬ ಬಾಚಿಕೊಂಡು ಪದ್ಮಳ ಮೇಲೂ ಪ್ರಿಂಟರಿನ ಮೇಲೂ ಎರಚಿದರು. ಅದನ್ನು ನೋಡಿ ಓಡಿಬಂದವರೆಲ್ಲ ಎರಚಿದರು. ಪದ್ಮ ತಲೆ ತುಂಬ ಅಕ್ಷತೆ ಹೊತ್ತುಕೊಂಡು, ಪ್ರಿಂಟರಿನ ಬಾಯಿಗೆ ಕಾಳು ಬೀಳದಂತೆ ಸೆರಗು ಅಡ್ಡ ಹಿಡಿದು, ಬಿದ್ದು ಬಿದ್ದು ನಗುತ್ತಿದ್ದಳು.

ನೀಲಿ ಬಂತು. ಹೊಳಪು ಬಂತು. ಅವಳು ಫೋಟೋ ತೆಗೆದು ಮೇಳದ ಹಿರಿಯರಿಗೆ ಕೊಟ್ಟಳು. ಅವರು ನಾದಸ್ವರವನ್ನು ಬಾಯಿಂದ ತೆಗೆದು, ಫೋಟೋವನ್ನು ಬೆಳಕಿಗೆ ಹಿಡಿದು, ಅಂಚಿನಿಂದ ಅಂಚಿನವರೆಗೆ ನಿಧಾನವಾಗಿ ನೋಡಿದರು. ಆಮೇಲೆ ತಮ್ಮವರ ಕಡೆ ತಿರುಗಿ ಕೂಗಿದರು:

"ಡೋಲು ಪೂರ್ತಿ ಬಂದೈತೆ ಕಣ್ರೋ!"